ಕಾಲುವೆ ತಿರುವಿನ ದೀಪಗಳು

ಗೋಣಿಚೀಲದ ಮೇಲೆ ಅಂಜಿನಯ್ಯ ಕೊನೆಯ ಬಲ್ಬನ್ನೂ ಇಟ್ಟ.

ಮುಂದಿನ ಎರಡು ದೊಡ್ಡ ದೀಪಗಳವು, ಮಡ್‌ಗಾರ್ಡಿನ ಮೇಲಿನ ಪುಟ್ಟವು, ಹಿಂದಿನ ಕೆಂಪು ಗಾಜಿನೊಳಗಿನದು, ಡ್ರೈವರನ ಎದುರು ಮೀಟರಿಗೆ ಬೆಳಕು ಕೊಡುವ ಬಟಾಣಿ ಗಾತ್ರದ್ದು. ಒಂದೊಂದನ್ನೂ ಷೆಡ್ಡಿನ ಬಾಗಿಲ ಬೆಳಕಿಗೆ ಹಿಡಿದು ನೋಡಿ ಕೆಳಗಿಡುತ್ತ ಬಂದಿದ್ದ.

"ಒಂದೂ ಉಳಿದಿಲ್ರಿ. ಎಲ್ಲಾ ಸುಟ್ಟಾವು," ಎಂದ.

ವಿರುಪಮ್ಮ ದೊಡ್ಡ ಬಲ್ಬೊಂದನ್ನು ಕೈಗೆ ತೆಗೆದುಕೊಂಡಳು. ಗಾಜು ಒಡೆದಿರಲಿಲ್ಲ. ಒಳಗೆ ಮಸಿ ಹಿಡಿದಂತೆ ಕಪ್ಪಾಗಿತ್ತು. ಅಲುಗಿಸಿದರೆ ತುಂಡಾದ ಎಳೆ ಸಣ್ಣಗೆ ನಡುಗಿತು. ನನ್ನ ಗಂಡ ಸತ್ತದ್ದು ಇದು ಆರಿದ್ದಕ್ಕೆ ಎಂದುಕೊಂಡಳು. ಆ ಮಾತು ಬೇರೆ ಯಾರೋ ಬೇರೆ ಯಾರ ಬಗೆಗೋ ಆಡಿದಂತೆ ಬಂದು ಹೋಯಿತು.

ಮೂಕಪ್ಪನ ದಿನಕರ್ಮ ಮುಗಿದ ಮರುದಿನವದು. ಕಂಪ್ಲಿಯಿಂದ ಹೊಸಪೇಟೆಗೆ ಬರುತ್ತಿದ್ದ ಅವನ ಬಸ್ಸು ಮುಸ್ಸಂಜೆಯಲ್ಲಿ ಕಡ್ಡಿರಾಂಪುರದ ಹತ್ತಿರ ಕಾಲುವೆಗೆ ಬಿದ್ದು, ಅವನೂ ಕಮಲಾಪುರದ ಒಂದು ಹೆಣ್ಣುಮಗುವೂ ಸತ್ತಿದ್ದರು. ಡ್ರೈವರು ದೀಪ ಹಚ್ಚದೆ ಓಡಿಸಿದ್ದೇ ಕಾರಣವೆಂದು ಪೊಲೀಸರು ಬರೆದುಕೊಂಡು ಹೋಗಿದ್ದರು.

ಆ ಮಗುವಿನ ಅಜ್ಜಿ ಮುದುಕಮ್ಮ ಚಿತ್ತವಾಡಗಿಯ ಮನೆಯ ತನಕ ನಡೆದು ಬಂದಿದ್ದಳು. ಬೈಯಲಿಲ್ಲ, ಮಣ್ಣು ತೂರಲಿಲ್ಲ. ಹೊಸ್ತಿಲ ಆಚೆ ನಿಂತು, ನಿನ್ನ ಗಂಡ ದೀಪ ಯಾಕೆ ಹಚ್ಚಲಿಲ್ಲವ್ವ ಎಂದು ಕೇಳಿದಳು. ಸ್ವಲ್ಪ ಹೊತ್ತು ಕಾದು ನಿಂತು, ಬಂದ ದಾರಿಯಲ್ಲೇ ತಿರುಗಿ ಹೋದಳು.

ವಿರುಪಮ್ಮ ಆಗಲೂ ಅಳಲಿಲ್ಲ. ಹೆಣ ಮನೆಗೆ ಬಂದಾಗಲೂ ಅತ್ತಿರಲಿಲ್ಲ. ಕೇರಿಯ ಹೆಂಗಸರು ಅದನ್ನು ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು. ಅವಳಿಗೆ ಬೇಕಾದದ್ದು ಒಂದೇ: ದೀಪ ಹಚ್ಚಿದ್ದನೋ ಇಲ್ಲವೋ. ಅದು ತಿಳಿಯುವ ತನಕ ಬೇರೆ ಯಾವುದೂ ಒಳಗೆ ಇಳಿಯುವಂತಿರಲಿಲ್ಲ. ಹೀಗಾಗಿ, ಬಸ್ಸಿನಲ್ಲಿ ಉಳಿದ ಗಂಡನ ಚೀಲ, ಟವೆಲು ತರಬೇಕೆಂಬ ನೆವ ಹೇಳಿ ಷೆಡ್ಡಿಗೆ ಬಂದಿದ್ದಳು.

ಒಬ್ಬಳೇ ಬಂದಿರಲಿಲ್ಲ. ಮೂಕಪ್ಪನ ಅಕ್ಕ ಜಂಬವ್ವ ಜೊತೆಗಿದ್ದಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಮದುವೆಯಾದ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಯಲ್ಲೇ ಉಳಿದವಳು. ಈಗ ವಿರುಪಮ್ಮನ ಬಾಯಿಗೆ ತುತ್ತಿಡುವವಳೂ ಅವಳೇ. ಇಬ್ಬರನ್ನೂ ತಮ್ಮ ಕಾರಿನಲ್ಲಿ ಕೂರಿಸಿಕೊಂಡು ತಾವೇ ಓಡಿಸಿಕೊಂಡು ಬಂದವರು ಬಸ್ಸಿನ ಮಾಲೀಕ ಗುಡ್ಡಪ್ಪನವರು. ಸಾವಿನ ಮನೆಗೆ ಕಟ್ಟಿಗೆಯಿಂದ ಹಿಡಿದು ಅಕ್ಕಿಯ ತನಕ ಕಳಿಸಿದವರೂ ಅವರೇ.

ಗುಡ್ಡಪ್ಪನವರು ಬಾಗಿಲಲ್ಲಿ ಕೊಡೆಯೂರಿ ನಿಂತಿದ್ದರು. ನೀರಿಗೆ ಬಿದ್ದ ಬಸ್ಸಿನ ಬಲ್ಬು ಸುಡದೆ ಇನ್ನೇನಾಗುತ್ತದೆ ಎಂದರು.

ಅಂಜಿನಯ್ಯ ತಲೆಯಾಡಿಸಿದ. ಅವನು ಗುಂತಕಲ್ಲಿನಲ್ಲಿ ರೈಲ್ವೆ ಕೆಲಸ ಬಿಟ್ಟು ಬಂದ ಮಿಸ್ತ್ರಿ. ನೀರು ಹೊಕ್ಕರೆ ಗಾಜು ಬಿರಿಯಬೇಕು, ಕಪ್ಪಾಗುವುದಿಲ್ಲ. ಅದೂ ಅಲ್ಲದೆ ಬಸ್ಸು ಬಲಕ್ಕೆ ಒರಗಿ ಬಿದ್ದದ್ದರಿಂದ ಎಡಗಡೆಯ ದೀಪಕ್ಕೆ ನೀರೇ ಮುಟ್ಟಿಲ್ಲ. ಒಂದು ಬಲ್ಬು ಹೋದರೆ ಅದರ ಕಾಲ ಮುಗಿಯಿತು ಎನ್ನಬಹುದು. ಇಷ್ಟೂ ಒಮ್ಮೆಗೇ ಹೋಗಬೇಕೆಂದರೆ ಎಂದು ಶುರುಮಾಡಿದವನು ಧಣಿಯ ಮುಖ ನೋಡಿ ಮಾತು ನಿಲ್ಲಿಸಿದ.

"ಫ್ಯೂಸು ಹೋಗಿತ್ತೇನು?" ವಿರುಪಮ್ಮ ಕೇಳಿದಳು. ಉಣ್ಣುವಾಗ ಮೂಕಪ್ಪ ಆಡುತ್ತಿದ್ದ ಮಾತುಗಳಲ್ಲಿ ಅವಳ ನೆನಪಿನಲ್ಲಿ ಉಳಿದಿದ್ದ ಶಬ್ದ ಅದು.

ಅಂಜಿನಯ್ಯ ಡ್ಯಾಷ್‌ಬೋರ್ಡಿನ ಅಡಿಗೆ ಕೈ ಹಾಕಿ ಮರದ ಸಣ್ಣ ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ ಬೆರಳುದ್ದದ ಗಾಜಿನ ಕೊಳವೆಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದರೊಳಗೂ ಎಳೆ ಗಟ್ಟಿಯಾಗಿಯೇ ಇತ್ತು.

ಅವಳು ಬಸ್ಸಿನ ಮೆಟ್ಟಿಲ ಮೇಲೆ ಕೂತು, ಈ ಕರೆಂಟು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಹೇಳು ಎಂದಳು. ಗುಡ್ಡಪ್ಪನವರು ಮರುಕದಿಂದ ನಕ್ಕು, ಅದೆಲ್ಲ ನಿನಗ್ಯಾಕವ್ವ ಎಂದರು. ಅವಳು ಅಲ್ಲಿಂದ ಏಳಲಿಲ್ಲ. ಅಂಜಿನಯ್ಯ ಹೇಳಿದ.

ಡ್ರೈವರನ ಪಕ್ಕದ ಮುಂದಿನ ಸೀಟಿನ ಕಾಲಡಿಯಲ್ಲಿ ಹಲಗೆ ಇದೆ, ಅದರ ಕೆಳಗೆ ಬ್ಯಾಟರಿ. ಅದರಿಂದ ಹೆಬ್ಬೆರಳು ದಪ್ಪದ ಕೇಬಲ್ ಎಂಜಿನ್ನನ್ನು ಎಬ್ಬಿಸುವ ಸೆಲ್ಫ್ ಮೋಟರಿಗೆ ಹೋಗುತ್ತದೆ. ಅಲ್ಲೇ ಒಂದು ಕವಲೊಡೆದು ಮೇಲಕ್ಕೆ ಡ್ಯಾಷ್‌ಬೋರ್ಡಿನ ಮೀಟರಿಗೆ ಬರುತ್ತದೆ. ಮೀಟರು ದಾಟಿದ ಮೇಲೆ ಹಂಚಿಕೆ. ಒಂದು ಪಾಲು ಕೀಲಿಗೆ, ಕೀಲಿಯಿಂದ ಎಂಜಿನ್ನಿನ ಕಿಡಿಗೆ. ಒಂದು ಹಾರನ್ನಿಗೆ. ಒಂದು ಈ ಪೆಟ್ಟಿಗೆಯೊಳಗೆ ಹೊಕ್ಕು, ಫ್ಯೂಸು ದಾಟಿ ಬೇರೆ ಬೇರೆ ದೀಪಗಳಿಗೆ. ಹಿಂದಿರುಗಲು ಬೇರೆ ತಂತಿ ಇಲ್ಲ, ಬಸ್ಸಿನ ಕಬ್ಬಿಣದ ಮೈಯೇ ದಾರಿ. ಎಲ್ಲಾದರೂ ತಂತಿಯ ಸಿಪ್ಪೆ ಸವೆದು ಕಬ್ಬಿಣಕ್ಕೆ ತಾಗಿದರೆ ಕರೆಂಟು ಒಮ್ಮೆಲೇ ನುಗ್ಗುತ್ತದೆ. ಆಗ ಫ್ಯೂಸಿನ ಎಳೆ ಕರಗಿ ಆ ಒಂದು ಕವಲನ್ನು ಮಾತ್ರ ಕಡಿದುಹಾಕುತ್ತದೆ, ಉಳಿದವು ನಡೆಯುತ್ತಿರುತ್ತವೆ. ಎಂಜಿನ್ ಓಡುತ್ತಿರುವಾಗ ಇಷ್ಟಕ್ಕೂ ಕರೆಂಟು ಕೊಡುವುದು ಅದರ ಬೆಲ್ಟಿಗೆ ಕಟ್ಟಿದ ಡೈನಮೋ. ಅದು ಬ್ಯಾಟರಿಯ ಹೊಟ್ಟೆಯನ್ನೂ ತುಂಬಿಸುತ್ತಿರುತ್ತದೆ.

"ಫ್ಯೂಸು ಸುಟ್ಟಿಲ್ಲ ಅಂದ್ರ ತಂತಿ ಎಲ್ಲೂ ತಾಗಿಲ್ಲ," ಎಂದಳು ವಿರುಪಮ್ಮ.

"ತಾಗಿಲ್ರಿ."

"ಮತ್ತ ದೀಪ ಹೆಂಗ ಹೋದವು?"

ಅವನು ಕೈಯ ಎಣ್ಣೆಯನ್ನು ಬಟ್ಟೆಯಿಂದ ಒರೆಸಿಕೊಳ್ಳತೊಡಗಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಆಗ ಅವಳು, ತನಗೊಬ್ಬಳು ಹೇಳಿದ್ದನ್ನು ಅವನಿಗೆ ಹೇಳಿದಳು. ಕಡ್ಡಿರಾಂಪುರದ ಹೊಳೆಮ್ಮ ಆ ಸಂಜೆ ಕಾಲುವೆಯ ಬದಿಯಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಬಸ್ಸು ದೀಪ ಹಚ್ಚಿಕೊಂಡೇ ಬರುತ್ತಿತ್ತು. ತಿರುವಿಗೆ ಸ್ವಲ್ಪ ಮುಂಚೆ ದೀಪ ಇದ್ದಕ್ಕಿದ್ದಂತೆ ಬೆಳ್ಳಗೆ, ಕಣ್ಣು ಕುಕ್ಕುವಂತೆ ಉರಿಯಿತು. ಕೈಯಲ್ಲಿದ್ದ ಹುಲ್ಲಿನ ಒಂದೊಂದು ಎಳೆಯೂ ಕಾಣಿಸಿತಂತೆ. ಆಮೇಲೆ ಕತ್ತಲು, ಆಮೇಲೆ ನೀರಿನ ಸದ್ದು. ಕಣ್ಣಿಗೆ ಪೊರೆ ಬಂದ ಮುದುಕಿಯ ಮಾತೆಂದು ಪೊಲೀಸರು ಅದನ್ನು ಬರೆದುಕೊಳ್ಳಲಿಲ್ಲ.

ಅಂಜಿನಯ್ಯನ ಕೈಯಲ್ಲಿದ್ದ ಬಟ್ಟೆ ನಿಂತಿತು.

ಅವನು ಎದ್ದು ಷೆಡ್ಡಿನ ಹಿಂಭಾಗದಲ್ಲಿ ರಿಪೇರಿಗೆ ನಿಂತಿದ್ದ ಇನ್ನೊಂದು ಬಸ್ಸಿನತ್ತ ನಡೆದ. ಏನು ಮಾಡುತ್ತೀಯೋ ಎಂದು ಗುಡ್ಡಪ್ಪನವರು ಕೇಳಿದರು. ತೋರಿಸುತ್ತೇನೆ ಎಂದ. ಬಲ್ಬು ಮದ್ರಾಸಿನಿಂದ ಬರಬೇಕು, ಸುಮ್ಮನೆ ಹಾಳು ಮಾಡಬೇಡ ಎಂದು ಅವರು ದನಿ ಎತ್ತಿದರು. ಅವನು ಅಷ್ಟರಲ್ಲಿ ಮುಂದಿನ ಹಲಗೆ ಎತ್ತಿ, ಸ್ಪ್ಯಾನರಿನಿಂದ ಬ್ಯಾಟರಿಯ ಮೇಲಿನ ಕ್ಲಿಪ್ಪನ್ನು ಸಡಿಲಿಸಿ, ಕ್ಲಿಪ್ಪು ಅದರ ಜಾಗದಲ್ಲೇ ಕೂತಿರುವಂತೆ ಬಿಟ್ಟಿದ್ದ.

ಎಂಜಿನ್ ಎದ್ದಿತು. ದೀಪಗಳು ಹತ್ತಿಕೊಂಡು ಷೆಡ್ಡಿನ ಮಸಿಗೋಡೆಯ ಮೇಲೆ ಎರಡು ಹಳದಿ ವರ್ತುಲಗಳು ಬಿದ್ದವು. ಅವನು ಆಕ್ಸಿಲರೇಟರನ್ನು ಒತ್ತಿ ಹಿಡಿದ. ರಸ್ತೆಯಲ್ಲಿ ಓಡುವಾಗಿನ ಸದ್ದು ಬಂತು.

"ನೋಡ್ರಿ," ಎಂದು ಕೈ ಕೆಳಗೆ ಹಾಕಿ ಕ್ಲಿಪ್ಪನ್ನು ಎತ್ತಿದ.

ಹಳದಿ ವರ್ತುಲಗಳು ಬೆಳ್ಳಗಾದವು. ಗೋಡೆಯ ಮೇಲಿನ ಜೇಡರ ಬಲೆ, ಮೊಳೆ, ಮೊಳೆಗೆ ನೇತುಹಾಕಿದ ಹಳೆಯ ಟ್ಯೂಬು ಒಂದು ಗಳಿಗೆ ಹೊಳೆದು ಕಂಡವು. ಟಪ್ಪೆಂಬ ಸಣ್ಣ ಸದ್ದು ಕೇಳಿಸಿತು. ಕತ್ತಲಾಯಿತು. ಹಗಲಾದರೂ, ಅಷ್ಟು ಬೆಳಕಿನ ಬೆನ್ನಿಗೆ ಷೆಡ್ಡಿನಲ್ಲಿ ಯಾರ ಮುಖವೂ ಯಾರಿಗೂ ಕಾಣಲಿಲ್ಲ.

ಎಂಜಿನ್ ಮಾತ್ರ ಓಡುತ್ತಲೇ ಇತ್ತು.

ಕಿಡಿಗೆ ಬೇಕಾದಷ್ಟನ್ನು ಡೈನಮೋ ಕೊಡುತ್ತಲೇ ಇರುತ್ತದೆ, ಅದಕ್ಕೇ ಎಂಜಿನ್ ನಿಲ್ಲುವುದಿಲ್ಲ ಎಂದು ಅಂಜಿನಯ್ಯ ಆ ಸದ್ದಿನ ಮೇಲೆ ಕೂಗಿ ಹೇಳಿದ. ಆಮೇಲೆ ಕೀಲಿ ತಿರುಗಿಸಿದ. ಸದ್ದು ಅಡಗಿತು.

"ಡೈನಮೋ ಕೊಡೋದು ಭಾಳ, ದೀಪ ಉಣ್ಣೋದು ಕಮ್ಮಿ. ಮಿಕ್ಕದ್ದನ್ನ ಬ್ಯಾಟ್ರಿ ನುಂಗತೈತ್ರಿ. ನುಂಗೋ ಬಾಯಿನ ತೆಗೆದುಬಿಟ್ರ ಅಷ್ಟೂ ಹೋಗಿ ದೀಪದ ಮ್ಯಾಲೆ ಬೀಳತೈತಿ. ಫ್ಯೂಸು ಕರಗೋದಕ್ಕೂ ಮೊದಲ ಬಲ್ಬು ಹೋಗತಾವ."

ದೀಪ ಹಚ್ಚಿದ್ದ. ವಿರುಪಮ್ಮ ಅದನ್ನು ತನಗೆ ತಾನೇ ಹೇಳಿಕೊಂಡಳು. ದೀಪ ಹಚ್ಚಿಯೇ ಓಡಿಸಿದ್ದ. ಒಳಗೆ ಏನಾದರೂ ಕರಗೀತೇನೋ ಎಂದು ಕಾದಳು. ಏನೂ ಆಗಲಿಲ್ಲ. ಅವಳ ಬೆರಳು ಆ ಸುಟ್ಟ ಬಲ್ಬಿನ ಹಿತ್ತಾಳೆ ಬುಡವನ್ನು ತಿರುವುತ್ತಲೇ ಇತ್ತು.

ತಿರುಗಿ ನೋಡಿದರೆ ಜಂಬವ್ವ ಇರಲಿಲ್ಲ. ಹೊರಗೆ ಬೇವಿನ ಮರದಡಿಯಲ್ಲಿ, ಷೆಡ್ಡಿಗೆ ಬೆನ್ನು ಮಾಡಿ ನಿಂತಿದ್ದಳು. ಪೆಟ್ರೋಲಿನ ವಾಸನೆ ತಡೆಯಲಾಗದೆ ಹೋಗಿರಬೇಕೆಂದುಕೊಂಡಳು ವಿರುಪಮ್ಮ.

ಈಗ ಅವಳು ಮೂಕಪ್ಪನ ಬಸ್ಸಿನೊಳಗೆ ಹತ್ತಿ, ಮುಂದಿನ ಸೀಟಿನ ಕಾಲಡಿಯ ಹಲಗೆಯನ್ನು ತಾನೇ ಎತ್ತಿದಳು. ಬ್ಯಾಟರಿಯ ಎರಡು ತುದಿಗೂ ಕ್ಲಿಪ್ಪುಗಳಿದ್ದವು. ಎರಡೂ ಬಿಗಿಯಾಗಿದ್ದವು. ಅಲುಗಿಸಿದಳು, ಜಗ್ಗಿದಳು, ಬರಲಿಲ್ಲ.

"ಹಂಗಾರ ಇದು ಕಳಚಿಲ್ಲ," ಎಂದರು ಗುಡ್ಡಪ್ಪನವರು. ದನಿಯಲ್ಲಿ ನಿರಾಳವಿತ್ತು.

ಅವಳು ಬಗ್ಗಿ ನೋಡುತ್ತಲೇ ಇದ್ದಳು. ಒಂದು ತುದಿಯ ನಟ್ಟಿನ ಮೇಲೆ ಬಿಳಿಹಸಿರು ಬೂಷ್ಟು, ಹಳೆಯ ತಾಮ್ರದ ಚೊಂಬಿಗೆ ಹಿಡಿಯುವಂಥದ್ದು, ದಪ್ಪಗೆ ಕಟ್ಟಿತ್ತು. ಇನ್ನೊಂದು ತುದಿಯಲ್ಲಿ ಆ ಬೂಷ್ಟು ಉದುರಿ, ನಟ್ಟಿನ ಮೂಲೆಗಳು ಉಜ್ಜಿ ಹೊಳೆಯುತ್ತಿದ್ದವು. ಇದನ್ನು ಯಾವಾಗ ಬಿಚ್ಚಿದ್ದೆ ಎಂದು ಕೇಳಿದಳು. ಅಂಜಿನಯ್ಯ ಇಣುಕಿ ನೋಡಿದ. ಅವನ ಮುಖದ ಬಣ್ಣ ಹೋಯಿತು. ಯುಗಾದಿಗೂ ಮೊದಲು ಬಿಚ್ಚಿದ್ದು, ಆಮೇಲೆ ತಾನು ಕೈ ಹಚ್ಚಿಲ್ಲ ಎಂದ.

ಗುಡ್ಡಪ್ಪನವರು ತಡಮಾಡಲಿಲ್ಲ. ಸ್ಪ್ಯಾನರು ಇರುವುದು ಇವನ ಕೈಯಲ್ಲಿ, ಷೆಡ್ಡಿನಲ್ಲಿ ಮಲಗುವವನು ಇವನು, ಈಗ ಈ ಆಟ ಕಟ್ಟಿ ತೋರಿಸಿದವನೂ ಇವನೇ. ಇಂಥದ್ದು ಮಾಡಲು ಗೊತ್ತಿರುವುದಾದರೂ ಇನ್ನಾರಿಗೆ? ಸ್ಟೇಷನ್ನಿಗೆ ನಡೆ ಎಂದು ಅವನ ತೋಳಿಗೆ ಕೈ ಹಾಕಿದರು. ಅಂಜಿನಯ್ಯ ಕೊಸರಿಕೊಳ್ಳಲಿಲ್ಲ. ವಿರುಪಮ್ಮನ ಕಡೆಗೆ ನೋಡಿದ ಅಷ್ಟೆ.

"ಬಿಡ್ರಿ ಧಣೇರ," ಎಂದಳು ಅವಳು. "ಬಸ್ಸು ಓಡೋವಾಗ ಇದು ಕಳಚೈತಿ. ಈಗ ಬಿಗಿ ಐತಿ. ನೀರಿಗೆ ಬಿದ್ದ ಮ್ಯಾಲೆ ಯಾರೋ ಹಾಕ್ಯಾರ. ಇವ ಅಲ್ಲಿಗೆ ಬಂದಿದ್ದು ಮರುದಿನ, ಪೊಲೀಸರ ಜೊತಿ. ಆಗಲೇ ಕ್ಲಿಪ್ಪು ಬಿಗಿ ಇತ್ತಂತ ಅವರು ಬರಕೊಂಡಾರ."

ಗುಡ್ಡಪ್ಪನವರ ಕೈ ಸಡಿಲವಾಯಿತು.

ಬಿದ್ದ ಗಳಿಗೆಯಿಂದ ಜನ ಸೇರುವ ತನಕ ಬಸ್ಸಿನ ಹತ್ತಿರ ಇದ್ದವರು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಪ್ರಯಾಣಿಕರು ಹಿಂದಿನ ಬಾಗಿಲಿಂದ ತೆವಳಿ ಹೊರಬಿದ್ದು ಕಡ್ಡಿರಾಂಪುರದ ಕಡೆಗೆ ಓಡಿದ್ದರು, ಮುದುಕಮ್ಮ ಮೊಮ್ಮಗಳನ್ನು ಹುಡುಕುತ್ತ ಕಾಲುವೆಯುದ್ದಕ್ಕೂ ಕೆಳಕ್ಕೆ ಹೋಗಿದ್ದಳು. ಡ್ರೈವರನ ಜೊತೆ ಉಳಿದವನು ಕಂಡಕ್ಟರ್ ಸುಂಕಪ್ಪ ಒಬ್ಬನೇ. ಮುಂದಿನ ಸೀಟು ಖಾಲಿ ಇತ್ತೆಂದು ಪೊಲೀಸರಿಗೆ ಹೇಳಿದವನೂ ಅವನೇ. ಕಮಲಾಪುರದಲ್ಲಿ ಹೇರಿದ್ದ ಬಾಳೆ ಎಲೆಯ ಹೊರೆಗಳು ನಡುವೆ ಅಡ್ಡ ಇದ್ದದ್ದರಿಂದ ಹಿಂದಿನವರಿಗೆ ಮುಂದಿನ ಸೀಟಾಗಲಿ ರಸ್ತೆಯ ಮೇಲಿನ ಬೆಳಕಾಗಲಿ ಕಾಣುವಂತಿರಲಿಲ್ಲ.

ಸುಂಕಪ್ಪನ ಹತ್ತಿರ ನಾನು ಮಾತಾಡುತ್ತೇನೆ, ನೀವು ಮನೆಗೆ ಹೋಗಿ ಎಂದರು ಗುಡ್ಡಪ್ಪನವರು. ವಿರುಪಮ್ಮ ಗಂಡನ ಟವೆಲನ್ನು ಮಡಿಚಿ ಚೀಲದೊಳಗೆ ಹಾಕಿದಳು. ತಾನೂ ಬರುತ್ತೇನೆ, ಇಲ್ಲದಿದ್ದರೆ ನಡೆದುಕೊಂಡೇ ಹೋಗುತ್ತೇನೆ ಎಂದಳು. ಅವರು ಕಾರಿನ ಬಾಗಿಲು ತೆಗೆದರು.

ಅನಂತಶಯನಗುಡಿ ದಾಟಿದ ಮೇಲೆ ಬಾಳೆತೋಟಗಳು ಶುರುವಾದವು. ಆ ತಿರುವಿನಲ್ಲಿ ಕಾಲುವೆಯ ದಂಡೆಯ ಮಣ್ಣು ಇನ್ನೂ ಕುಸಿದೇ ಇತ್ತು. ಯಾರೋ ಅಲ್ಲಿ ಅರಿಶಿನ ಕುಂಕುಮ ಚೆಲ್ಲಿ ಹೋಗಿದ್ದರು. ವಿರುಪಮ್ಮ ಅದನ್ನು ರಸ್ತೆಯ ಮೈಲಿಗಲ್ಲು ನೋಡುವಂತೆ ನೋಡಿದಳು. ಜಂಬವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದಳು.

ಕಡ್ಡಿರಾಂಪುರದಲ್ಲಿ ಸುಂಕಪ್ಪನ ಮನೆಯ ಮುಂದೆ ಕಾರು ನಿಂತಿತು. ಜಂಬವ್ವ ಇಳಿಯಲಿಲ್ಲ, ಮಂಡಿ ನೋವು ಎಂದಳು. ಗುಡ್ಡಪ್ಪನವರು ಇಳಿಯಹೋದಾಗ ವಿರುಪಮ್ಮ ತಡೆದು, ಧಣಿ ಎದುರಿಗಿದ್ದರೆ ಅವನು ಬಾಯಿ ಬಿಡುವುದಿಲ್ಲ, ತಾನು ಹೋಗಿ ಕೇಳಿ ಬರುತ್ತೇನೆ ಎಂದಳು. ಅದೂ ಖರೇನೇ ಎಂದು ಅವರು ಮತ್ತೆ ಒಳಗೆ ಕೂತು ಬೀಡಿ ಹಚ್ಚಿದರು.

ಸುಂಕಪ್ಪ ಒಳಕೋಣೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಒರಗಿದ್ದ. ಭುಜಕ್ಕೆ ಬಿದಿರ ದಬ್ಬೆ ಕಟ್ಟಿದ್ದರು. ಅವಳನ್ನು ನೋಡಿ ಏಳಲು ಹೋಗಿ ನೋವಿಗೆ ಹಾಗೇ ಕೂತ. ಅವನ ಹೆಂಡತಿ ಎರ್ರೆಮ್ಮ ನೀರಿನ ತಂಬಿಗೆ ಇಟ್ಟು ಅಡಿಗೆಮನೆಗೆ ಹೋದಳು. ಮೂಕಪ್ಪನ ಸಾವಿಗೆ ಬರಲಾಗಲಿಲ್ಲವೆಂದು ಅವನು ಏನೇನೋ ಹೇಳತೊಡಗಿದ. ಅದು ಮುಗಿದ ಮೇಲೆ ಅವಳು ಕೇಳಿದಳು.

"ಬ್ಯಾಟ್ರಿ ಕ್ಲಿಪ್ಪು ಯಾಕ ಹಾಕಿದಿ ಸುಂಕಪ್ಪ?"

ಯಾವ ಕ್ಲಿಪ್ಪು ಎಂದ. ಅವಳು ಹೇಳಿದಳು. ಸುಟ್ಟ ಬಲ್ಬುಗಳು, ಸುಡದ ಫ್ಯೂಸು, ಬೂಷ್ಟು ಉದುರಿದ ನಟ್ಟು. ಅಂಜಿನಯ್ಯ ಇನ್ನೊಂದು ಬಸ್ಸಿನಲ್ಲಿ ಮಾಡಿ ತೋರಿಸಿದ್ದು. ಸಂತೆಯಲ್ಲಿ ಏನೇನು ತಂದೆ ಎಂದು ಹೇಳುವ ದನಿಯಲ್ಲಿ ಹೇಳಿದಳು. ಸುಂಕಪ್ಪ ಕೇಳುತ್ತ ಕೇಳುತ್ತ ಕಣ್ಣನ್ನು ಗೋಡೆಯ ಕಡೆಗೆ ಹೊರಳಿಸಿದ.

"ನೀನ ಬಿಚ್ಚಿದ್ರ ಬಿಚ್ಚಿದೆ ಅನ್ನು," ಎಂದಳು. "ನಾ ಬೈಯಂಗಿಲ್ಲ. ಅಳಂಗೂ ಇಲ್ಲ. ನನ್ನ ಹತ್ರ ಏನೂ ಉಳದಿಲ್ಲ. ಗೊತ್ತಾಗಬೇಕು ಅಷ್ಟ."

ಅವನ ಕಣ್ಣಲ್ಲಿ ನೀರು ತುಂಬಿತು. ಇಷ್ಟು ಸುಲಭವಾಗಿ ನೀರು ಬರುವುದನ್ನು ಅವಳು ನೋಡುತ್ತ ಕೂತಳು.

"ಬಿಚ್ಚಿದ್ದು ನಾನಲ್ಲ ಅತ್ತಿಗೀ. ಹಾಕಿದ್ದು ನಾನು."

ಆಮೇಲೆ ಅವನು ನಿಲ್ಲಿಸದೆ ಹೇಳಿದ. ಬಸ್ಸು ಬಿದ್ದಾಗ ಮೂಕಪ್ಪ ಸತ್ತಿರಲಿಲ್ಲ. ಸ್ಟಿಯರಿಂಗ್ ಚಕ್ರಕ್ಕೂ ಸೀಟಿಗೂ ನಡುವೆ ಎದೆ ಸಿಕ್ಕಿಕೊಂಡು, ಸೊಂಟದ ತನಕ ನೀರಿನಲ್ಲಿದ್ದ. ಸುಂಕಪ್ಪ ಎಳೆಯಲು ನೋಡಿದ, ಆಗಲಿಲ್ಲ. ಎಳೆಯಬೇಡ, ನಾ ಹೇಳಿದ್ದು ಮಾಡು ಎಂದನಂತೆ ಮೂಕಪ್ಪ. ಉಸಿರು ಬಿಡುಬಿಡುತ್ತ ಮಾತಾಡಿದ. ಮೇಲಿನ ಬದಿಯಲ್ಲಿ ಒಣಗಿಯೇ ಇದ್ದ ಬ್ಯಾಟರಿಯ ಕೇಬಲ್ ಕಳಚಿ ಬಿದ್ದಿದೆ, ಅದನ್ನು ಹಾಕಿ ನಟ್ಟು ಬಿಗಿ ಮಾಡು. ಮುಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ ಎಂದು ಹೇಳು. ಸುಂಕಪ್ಪ ಒಂದೇ ಕೈಯಲ್ಲಿ ಸ್ಪ್ಯಾನರು ಹಿಡಿದು ಬಿಗಿ ಮಾಡಿದ. ಅದು ಮುಗಿಯುವ ಹೊತ್ತಿಗೆ ಮೂಕಪ್ಪನ ಮಾತೂ ಮುಗಿದಿತ್ತು.

"ಕಡೀಗೆ ಏನಂದ?"

"'ತಪ್ಪು ನನ್ನ ಮ್ಯಾಲೆ ಬರಲಿ' ಅಂದ."

ಅಡಿಗೆಮನೆಯಲ್ಲಿ ಎರ್ರೆಮ್ಮ ರೊಟ್ಟಿ ತಟ್ಟುತ್ತಿದ್ದ ಸದ್ದು ಬರುತ್ತಿತ್ತು. ಅದು ನಿಂತು ಮತ್ತೆ ಶುರುವಾಯಿತು. ವಿರುಪಮ್ಮ ತಂಬಿಗೆಯ ನೀರನ್ನು ಎತ್ತಿ ಕುಡಿದಳು. ನೀರಿಗೆ ರುಚಿ ಇರಲಿಲ್ಲ.

"ಸೀಟಿನ್ಯಾಗ ಯಾರಿದ್ರು?"

ಸುಂಕಪ್ಪ ಬಾಗಿಲ ಕಡೆ ನೋಡಿದ. ಅಲ್ಲಿಂದ ಬೀದಿಯಲ್ಲಿ ನಿಂತ ಕಾರಿನ ಹಿಂಭಾಗ ಕಾಣುತ್ತಿತ್ತು, ಅದರೊಳಗೆ ಸೆರಗು ಹೊದ್ದ ತಲೆ.

"ಅಕ್ಕಾರು."

ಜಂಬವ್ವ ಆ ದಿನ ಅನಂತಶಯನಗುಡಿಯಲ್ಲಿ ನೆಂಟರ ಮನೆಗೆ ಹೋಗುತ್ತೇನೆಂದು ಹೇಳಿ ಹೋಗಿದ್ದಳು. ಆದರೆ ಕಮಲಾಪುರದಲ್ಲಿ ಬಸ್ಸು ಹತ್ತಿದ್ದಳು ಎಂದ ಸುಂಕಪ್ಪ. ಮೂಕಪ್ಪ ಮರುದಿನ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು. ಕಂಪ್ಲಿಯ ಹತ್ತಿರ ಆಲೆಮನೆಗೆ ಬೆಂಕಿ ಬಿದ್ದು ಒಬ್ಬ ಕೂಲಿಯವನು ಸುಟ್ಟು ಸತ್ತ ಕೇಸು. ಆ ಹೊತ್ತಿನಲ್ಲಿ ಅಲ್ಲಿಂದ ಓಡಿದವನನ್ನು ಕೊನೆಯ ಟ್ರಿಪ್ಪಿನಲ್ಲಿದ್ದ ಮೂಕಪ್ಪ ನೋಡಿದ್ದ. ಯಾರೆಂದು ಕೋರ್ಟಿನಲ್ಲಿ ಮಾತ್ರ ಹೇಳುತ್ತೇನೆ ಎಂದು ಹೆಂಡತಿಗೂ ಹೇಳಿರಲಿಲ್ಲ. ಜಂಬವ್ವ ದಾರಿಯುದ್ದಕ್ಕೂ, ಹೋಗಬೇಡ, ಅವರು ನಿನ್ನನ್ನು ಉಳಿಸುವುದಿಲ್ಲ ಎಂದು ಅತ್ತಳು. ಅವನು ಕೇಳಲಿಲ್ಲ. ತಿರುವು ಬಂದಾಗ ಅವಳು ಬಗ್ಗಿದ್ದನ್ನು ಸುಂಕಪ್ಪ ಹೊರೆಗಳ ಸಂದಿಯಿಂದ ನೋಡಿದ. ಸೀರೆಯ ನೆರಿಗೆ ಸರಿ ಮಾಡಿಕೊಳ್ಳುತ್ತಿರಬೇಕೆಂದುಕೊಂಡ. ಬಗ್ಗಿ ಕೈ ಹಾಕಿದ್ದು ಹಲಗೆಯ ಕೆಳಗೆ. ಕ್ಲಿಪ್ಪು ಮೊದಲೇ ಸಡಿಲ ಮಾಡಿ ಇಟ್ಟದ್ದು, ಎತ್ತಿದರೆ ಬರುವಂತಿತ್ತು.

ಬಿದ್ದ ಮೇಲೆ ಅವಳು ಮೇಲಿನ ಬದಿಯ ಬಾಗಿಲಿಂದ ಹೊರಬಂದು, ದಂಡೆಯ ಮೇಲೆ ಕೂತು, ತಮ್ಮನನ್ನು ನೋಡುತ್ತ ಒಂದೇ ಮಾತನ್ನು ಆಡುತ್ತಿದ್ದಳು. ಮೂಕಪ್ಪನೇ, ಅಕ್ಕನನ್ನು ತೋಟದ ದಾರಿಯಲ್ಲಿ ಕಳಿಸು ಎಂದ.

"ಏನು ಮಾತು?"

"'ಬಸ್ಸು ನಿಲ್ಲತೈತಿ ಅಂದಿದ್ರು, ಬಸ್ಸು ನಿಲ್ಲತೈತಿ ಅಂದಿದ್ರು.' ಅಷ್ಟ ಅತ್ತಿಗೀ. ತೋಟದ ದಾರಿಗೆ ಕಳಸುವಾಗ ನಾ ಕೇಳಿದ್ಕ ಅಕ್ಕಾರು ಹೇಳಿದ್ರು, ವೈರು ಕಿತ್ರ ಬಸ್ಸು ತನ್ನಷ್ಟಕ್ಕ ನಿಲ್ಲತೈತಿ, ತಿರುವಿನ್ಯಾಗ ಬಂಡಿ ಕಾಯ್ತಿರತೈತಿ, ಮೂಕಣ್ಣನ್ನ ಕೂಡ್ರಿಸ್ಕೊಂಡು ಸಂಡೂರ ಕಡೆ ಕರಕೊಂಡು ಹೋಗಿಬಿಡು ಅಂತ ಯಾರೋ ಹೇಳಿಕೊಟ್ಟಿದ್ರಂತ. ಅಲ್ಲಿ ಬಂಡಿ ಇರಲಿಲ್ಲ."

ಯಾರು ಹೇಳಿಕೊಟ್ಟರೆಂದು ಕೇಳಿದಳು. ಅವನಿಗೆ ತಿಳಿಯದು. ಜಂಬವ್ವ ಹೆಸರು ಹೇಳಲಿಲ್ಲ.

ವಿರುಪಮ್ಮ ಎದ್ದಳು. ಕ್ಲಿಪ್ಪು ಎತ್ತಿದ್ದು ಬೆಳಿಗ್ಗೆ ತನ್ನ ಬಾಯಿಗೆ ಗಂಜಿ ಇಟ್ಟ ಕೈಯೇ ಎಂಬುದು ತಲೆಗೆ ಬಂತು, ಆದರೆ ಹೊಟ್ಟೆಯಲ್ಲಿ ಏನೂ ಕದಲಲಿಲ್ಲ. ಕದಲಿದ್ದು ಬೇರೆ ಒಂದು ಯೋಚನೆ. ವೈರು ಕಿತ್ತರೆ ಬಸ್ಸು ನಿಲ್ಲುತ್ತದೆಂದು ಏನೂ ತಿಳಿಯದವರು ನಂಬಬಹುದು. ಆದರೆ ಆ ಕ್ಲಿಪ್ಪನ್ನು ಸಡಿಲ ಮಾಡಿ ಇಟ್ಟವರಿಗೆ, ಬಂಡಿಯನ್ನು ಕಳಿಸದವರಿಗೆ, ಬಸ್ಸು ನಿಲ್ಲುವುದಿಲ್ಲವೆಂದು ಗೊತ್ತಿತ್ತು. ಕತ್ತಲಲ್ಲಿ ಓಡುತ್ತದೆಂದು ಗೊತ್ತಿತ್ತು. ತಿರುವನ್ನು ಆರಿಸಿದ್ದೂ ಅದಕ್ಕೇ.

ಹೊರಗೆ ಬಿಸಿಲು ಇಳಿಯುತ್ತಿತ್ತು. ಅವನು ಏನಂದ ಎಂದು ಗುಡ್ಡಪ್ಪನವರು ಕೇಳಿದರು. ನೋವಿನಲ್ಲಿದ್ದಾನೆ, ಏನೂ ಹೇಳಲಿಲ್ಲ ಎಂದಳು. ಪಾಪ ಎಂದು ಅವರು ಬೀಡಿಯನ್ನು ಹೊಸಕಿ ಎಂಜಿನ್ ಎಬ್ಬಿಸಿದರು. ಜಂಬವ್ವ ಸರಿದು ಜಾಗ ಮಾಡಿಕೊಟ್ಟಳು. ವಿರುಪಮ್ಮ ಪಕ್ಕದಲ್ಲಿ ಕೂತಳು.

ಊರು ದಾಟಿ, ಎಂಜಿನ್ನಿನ ಸದ್ದು ಜೋರಾಗುವ ತನಕ ತಡೆದಳು. ಆಮೇಲೆ ಜಂಬವ್ವನ ಕಿವಿಯ ಹತ್ತಿರ ಬಾಗಿದಳು.

"ಬಸ್ಸು ನಿಲ್ಲತೈತಿ ಅಂತ ನಿನಗ ಯಾರು ಹೇಳಿದ್ರು?"

ಜಂಬವ್ವ ಬೆಚ್ಚಲಿಲ್ಲ. ಸೆರಗನ್ನು ತಲೆಯಿಂದ ಕೆಳಗೆ ಸರಿಸಿದಳು. ಎಷ್ಟೋ ದಿನದಿಂದ ನಿದ್ದೆ ಇಲ್ಲದ ಅವಳ ಕಣ್ಣುಗಳನ್ನು ವಿರುಪಮ್ಮ ಮೊದಲ ಸಲ ಸರಿಯಾಗಿ ನೋಡಿದಳು. ಜಂಬವ್ವ ದನಿಯನ್ನು ತಗ್ಗಿಸುವ ಗೋಜಿಗೇ ಹೋಗಲಿಲ್ಲ.

"ಮುಂದ ಕುಂತಾರಲ್ಲವ್ವ, ಅವರನ್ನ ಕೇಳು."

ಗುಡ್ಡಪ್ಪನವರ ಬೆನ್ನು ಅಲುಗಲಿಲ್ಲ. ಆಲೆಮನೆಯಿಂದ ಓಡುವಾಗ ಮೂಕಪ್ಪ ಕಂಡದ್ದು ಈ ಬೆನ್ನನ್ನೇ ಎಂದು ವಿರುಪಮ್ಮನಿಗೆ ಹೊಳೆಯಿತು. ಕಾರು ಸ್ವಲ್ಪ ದೂರ ಹಾಗೇ ಸಾಗಿತು. ಒಂದು ಬದಿಯಲ್ಲಿ ಕಾಲುವೆಯ ನೀರು, ಇನ್ನೊಂದು ಬದಿಯಲ್ಲಿ ಆಳೆತ್ತರದ ಬಾಳೆ. ರಸ್ತೆಯ ಹಿಂದೆಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಕಾರು ನಿಧಾನವಾಯಿತು, ದಂಡೆಯ ಕಡೆಗೆ ಸರಿಯಿತು.

ಗುಡ್ಡಪ್ಪನವರು ಕೀಲಿ ತಿರುಗಿಸಿದರು. ಎಂಜಿನ್ ನಿಂತಿತು.